ತಪ್ಪು ಬಂಗುಡೆಯದ್ದಲ್ಲ: ಕಿಡ್ನಿ ಕಸಿ ಆದ ಮೇಲಿನ ಕೊಲೆಸ್ಟ್ರಾಲ್

ಕಿಡ್ನಿ ಕಸಿ ಆದವರ ಮನೆಯಲ್ಲಿ ರಿಪೋರ್ಟ್ ಬಂದ ಕೂಡಲೇ ಎಲ್ಲರೂ ನೋಡುವುದು ಒಂದೇ ಸಾಲು. ಕ್ರಿಯಾಟಿನಿನ್. ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಹೇಳುವ ಆ ನಂಬರ್ 1.2 ಇದ್ದರೆ ಆ ದಿನ ಮನೆಯಲ್ಲಿ ಹಬ್ಬ. 1.5 ಆದರೆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಅದಾದ ಮೇಲೆ ಟ್ಯಾಕ್ರೊ ಲೆವೆಲ್, ಅಂದರೆ ಕಸಿ ಕಿಡ್ನಿ ಉಳಿಸುವ ಟ್ಯಾಕ್ರೊಲಿಮಸ್ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅನ್ನುವುದು, ಆಮೇಲೆ ಹಿಮೋಗ್ಲೋಬಿನ್. ಲಿಪಿಡ್ ಪ್ರೊಫೈಲ್ ಅಂತ ಬರುವ, ರಕ್ತದ ಕೊಬ್ಬಿನ ಲೆಕ್ಕದ ಇನ್ನೊಂದು ಹಾಳೆಯನ್ನು ಹೆಚ್ಚಿನವರು ಮಡಚಿ ಫೈಲಿಗೆ ಹಾಕಿಬಿಡುತ್ತಾರೆ. ಇಲ್ಲದಿದ್ದರೆ ಅದರಲ್ಲಿ ದಪ್ಪ ಅಕ್ಷರದಲ್ಲಿ ಬಂದ ನಂಬರ್ ನೋಡಿ, ಎಣ್ಣೆ ತುಪ್ಪ ಜಾಸ್ತಿ ತಿಂದದ್ದಕ್ಕೆ ಹೀಗಾಯಿತು ಅಂತ ಪೇಶೆಂಟ್‌ಗೆ ಬೈಯುತ್ತಾರೆ. ಎರಡೂ ಸರಿಯಲ್ಲ. ಇದನ್ನು ಬರೆಯಬೇಕು ಅಂತ ತುಂಬ ದಿನದಿಂದ ಮನಸ್ಸಿನಲ್ಲಿತ್ತು.

ನಮ್ಮ ಮನೆ ಕಟಪಾಡಿ ಹತ್ತಿರ. ಇವರು, ನನ್ನ ಗಂಡ, ಮಲ್ಪೆಯ ಒಂದು ಐಸ್ ಪ್ಲಾಂಟ್‌ನಲ್ಲಿ ಸೂಪರ್‌ವೈಸರ್. ನಾನು ಸಹಕಾರಿ ಸೊಸೈಟಿಯಲ್ಲಿ ಕ್ಲರ್ಕ್. ಬಿಪಿಯಿಂದ ಇವರ ಕಿಡ್ನಿ ಎರಡೂ ಹೋಯಿತು. ಸ್ವಲ್ಪ ಕಾಲ ಡಯಾಲಿಸಿಸ್ ಆಯಿತು. ಆಮೇಲೆ ನಾನೇ ಕಿಡ್ನಿ ಕೊಟ್ಟೆ. ಕಸಿ ಆಗಿ ವರ್ಷಗಳಾಗಿವೆ, ದೇವರ ದಯದಿಂದ ಕಿಡ್ನಿ ಚೆನ್ನಾಗಿದೆ. ಆ ಕಥೆಯನ್ನು ಇಲ್ಲೇ ಹಿಂದೆ ಬರೆದಿದ್ದೇನೆ, ಮತ್ತೆ ಹೇಳುವುದಿಲ್ಲ.

ಡಯಾಲಿಸಿಸ್‌ನಲ್ಲಿದ್ದಾಗ ಇವರ ಕೊಲೆಸ್ಟ್ರಾಲ್ ಎಷ್ಟಿತ್ತು ಅಂತ ಹಳೇ ಫೈಲ್ ತೆಗೆದು ನೋಡಿದರೆ ಗಾಬರಿಯಾಗುವಷ್ಟು ಒಳ್ಳೆಯದಿತ್ತು. ಒಟ್ಟು 150ರ ಆಸುಪಾಸು. ಅದು ಆರೋಗ್ಯದಿಂದ ಬಂದ ನಂಬರ್ ಅಲ್ಲ. ಆಗ ಇವರ ಹೊಟ್ಟೆಗೆ ಏನೂ ಸೇರುತ್ತಿರಲಿಲ್ಲ. ಎರಡು ತುತ್ತು ಗಂಜಿ ಉಂಡರೆ ವಾಂತಿ. ಮೈಯಲ್ಲಿ ಮಾಂಸವೇ ಉಳಿದಿರಲಿಲ್ಲ. ಕಸಿ ಆದ ಮೇಲೆ ಹಸಿವು ವಾಪಸ್ ಬಂತು, ಮುಖದಲ್ಲಿ ಕಳೆ ಬಂತು, ತೂಕ ಬಂತು. ಜೊತೆಗೇ ಕೊಲೆಸ್ಟ್ರಾಲೂ ಬಂತು. ಒಟ್ಟು 262. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 160. ಎಚ್‌ಡಿಎಲ್ ಅನ್ನುವ ಒಳ್ಳೆಯದು 44. ಟ್ರೈಗ್ಲಿಸರೈಡ್ ಅನ್ನುವ ಇನ್ನೊಂದು ಬಗೆಯ ಕೊಬ್ಬು 290.

ಆ ರಿಪೋರ್ಟ್ ಬಂದ ವಾರ ಇವರ ಅಕ್ಕ ಮನೆಗೆ ಬಂದಿದ್ದರು. ಪ್ರೀತಿಯ ಜನವೇ, ಆಪರೇಶನ್ ಸಮಯದಲ್ಲಿ ನಮ್ಮಿಬ್ಬರನ್ನೂ ನೋಡಿಕೊಂಡವರು. ಆದರೂ ಅವರ ಬಾಯಲ್ಲಿ ಮೊದಲು ಬಂದ ಮಾತು, "ಇಷ್ಟು ದೊಡ್ಡ ಆಪರೇಶನ್ ಆದ ಮೇಲೂ ಇವನಿಗೆ ಬಾಯಿ ಕಟ್ಟಲಿಕ್ಕೆ ಆಗುವುದಿಲ್ಲ ಅಲ್ವಾ." ಇವರು ಊಟದ ತಟ್ಟೆಯಲ್ಲಿದ್ದ ಬಂಗುಡೆ ತುಂಡನ್ನು ಬದಿಗೆ ಸರಿಸಿ ಎದ್ದು ಕೈ ತೊಳೆದರು. ಮಧ್ಯಾಹ್ನ ಇಡೀ ಮಾತಿಲ್ಲ. ಅಡುಗೆ ಮಾಡಿದವಳು ನಾನಲ್ವಾ, ನನಗೂ ಚುರ್ ಅಂತು.

ಅದೇ ತಿಂಗಳು ನನ್ನದೂ ವರ್ಷದ ಚೆಕಪ್ ಇತ್ತು. ಕಿಡ್ನಿ ಕೊಟ್ಟವರೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ನನ್ನ ಒಟ್ಟು ಕೊಲೆಸ್ಟ್ರಾಲ್ 178, ಎಲ್‌ಡಿಎಲ್ 104. ಎರಡು ಹಾಳೆಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ನಮ್ಮಿಬ್ಬರದೂ ಒಂದೇ ಅಡುಗೆ. ಒಂದೇ ಚಟ್ಟಿಯ ಮೀನ್ ಸಾರು, ಒಂದೇ ತೆಂಗಿನಕಾಯಿ, ಒಂದೇ ಬಾಟಲಿಯ ಎಣ್ಣೆ. ನಿಜ ಹೇಳಬೇಕಾದರೆ ತುಪ್ಪ ಜಾಸ್ತಿ ಹಾಕಿಕೊಳ್ಳುವವಳು ನಾನು. ತಪ್ಪು ತಟ್ಟೆಯದ್ದೇ ಆಗಿದ್ದರೆ ನನ್ನ ರಿಪೋರ್ಟೂ ಹಾಗೇ ಬರಬೇಕಿತ್ತಲ್ಲ?

ಒಂದು ಮನೆಯ ಇಬ್ಬರ ರಿಪೋರ್ಟ್ ಹಿಡಿದುಕೊಂಡು ಎಲ್ಲರಿಗೂ ಅನ್ವಯ ಮಾಡಲಿಕ್ಕೆ ಆಗುವುದಿಲ್ಲ. ಇವರ ಮೈ ಬೇರೆ, ನನ್ನ ಮೈ ಬೇರೆ. ಹಾಗಾಗಿ ಮುಂದಿನ ಓಪಿಡಿಯಲ್ಲಿ ಎರಡು ಹಾಳೆಯನ್ನೂ ಡಾಕ್ಟ್ರ ಮುಂದೆ ಇಟ್ಟೆ. ಅವರು ಎರಡೂ ನೋಡಿ, "ಅಮ್ಮ, ಇದರಲ್ಲಿ ದೊಡ್ಡ ಪಾಲು ನಾವು ಬರೆದುಕೊಟ್ಟ ಮಾತ್ರೆಗಳದ್ದು" ಅಂದರು. ಇವರ ಮುಖ ನೋಡಬೇಕಿತ್ತು ಆಗ.

ಅವರು ಹೇಳಿದ್ದು, ಆಮೇಲೆ ಮಂಗಳೂರಿನಲ್ಲಿ ಫಾರ್ಮಸಿ ಓದುತ್ತಿರುವ ನಮ್ಮ ಮಗಳು ಪುಸ್ತಕ ಇಟ್ಟುಕೊಂಡು ನನಗೆ ಬಿಡಿಸಿ ಹೇಳಿದ್ದು, ಎರಡನ್ನೂ ಸೇರಿಸಿ ಬರೆಯುತ್ತೇನೆ.

ಬೇರೆಯವರ ಕಿಡ್ನಿ ಮೈಯಲ್ಲಿ ಉಳಿಯಬೇಕಾದರೆ ಮೈಯ ರೋಗ ನಿರೋಧಕ ಶಕ್ತಿಯನ್ನು ಸ್ವಲ್ಪ ಅದುಮಿ ಇಡಬೇಕು. ಅದಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಮಾತ್ರೆ. ಇವರಿಗೆ ಪ್ರೆಡ್ನಿಸೊಲೋನ್, ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್. ಇದರಲ್ಲಿ ಪ್ರೆಡ್ನಿಸೊಲೋನ್ ಸ್ಟಿರಾಯ್ಡ್. ಅದು ಹಸಿವು ಜಾಸ್ತಿ ಮಾಡುತ್ತದೆ, ತೂಕ ಏರಿಸುತ್ತದೆ. ಅಷ್ಟೇ ಅಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಹಾಗೆ ಮಾಡಿ, ಲಿವರ್ ಹೆಚ್ಚು ಕೊಬ್ಬನ್ನು ರಕ್ತಕ್ಕೆ ಬಿಡುವ ಹಾಗೆ ಮಾಡುತ್ತದೆ. ಟ್ಯಾಕ್ರೊಲಿಮಸ್ ಕೊಲೆಸ್ಟ್ರಾಲನ್ನು ಸ್ವಲ್ಪ ಏರಿಸಬಹುದು. ಅದಕ್ಕಿಂತ ಹೆಚ್ಚಾಗಿ ಅದು ಕೆಲವರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ತರುತ್ತದೆ, ಸಕ್ಕರೆ ಏರಿದರೆ ಟ್ರೈಗ್ಲಿಸರೈಡೂ ಏರುತ್ತದೆ. ಹಳಬರು ತೆಗೆದುಕೊಳ್ಳುವ ಸೈಕ್ಲೊಸ್ಪೊರಿನ್ ಇದೆಯಲ್ಲ, ಅದು ಟ್ಯಾಕ್ರೊಗಿಂತ ಜಾಸ್ತಿ ಕೊಲೆಸ್ಟ್ರಾಲ್ ಏರಿಸುತ್ತದೆ. ಸಿರೊಲಿಮಸ್, ಎವೆರೊಲಿಮಸ್ ಅಂತ ಇನ್ನೆರಡು ಉಂಟು, ಕೆಲವರಿಗೆ ಬೇರೆ ಬೇರೆ ಕಾರಣಕ್ಕೆ ಬದಲಿಸಿ ಕೊಡುತ್ತಾರೆ. ಲಿಪಿಡ್ ವಿಷಯದಲ್ಲಿ ಅವೆರಡೂ ಎಲ್ಲಕ್ಕಿಂತ ಜೋರು, ಮುಖ್ಯವಾಗಿ ಟ್ರೈಗ್ಲಿಸರೈಡ್. ಮೈಕೊಫಿನೊಲೇಟ್ ಮಾತ್ರ ಈ ವಿಷಯದಲ್ಲಿ ನಿರಪರಾಧಿ.

ಇದಲ್ಲದೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೂ ಕೊಲೆಸ್ಟ್ರಾಲ್ ಏರುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಏರುತ್ತದೆ. ನಮ್ಮ ಡಾಕ್ಟ್ರು ಅದೆರಡನ್ನೂ ಪರೀಕ್ಷೆ ಮಾಡಿಸಿದ ಮೇಲೆಯೇ ಮಾತ್ರೆಯ ಕಡೆಗೆ ಬೆರಳು ತೋರಿಸಿದ್ದು.

ಇನ್ನೊಂದು ಮುಖ್ಯ ವಿಷಯ. ನಮ್ಮ ಮೈಯ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲನ್ನು ಮೈಯೇ ತಯಾರು ಮಾಡುತ್ತದೆ. ಊಟದಿಂದ ಬರುವುದು ಚಿಕ್ಕ ಪಾಲು. ಬೆಳಿಗ್ಗೆ ಎದ್ದು ಆ ಮಾತ್ರೆ ನುಂಗಲೇಬೇಕಾದ ಮನುಷ್ಯನಿಗೆ, ಕಸಿ ಕಿಡ್ನಿಯನ್ನು ಮೈ ತಿರಸ್ಕರಿಸುವ ರಿಜೆಕ್ಷನ್ ಭಯದಲ್ಲಿ ಒಂದು ಹೊತ್ತೂ ತಪ್ಪಿಸಲಾಗದ ಮನುಷ್ಯನಿಗೆ, ಆ ಮಾತ್ರೆಯಿಂದಲೇ ಬಂದ ನಂಬರ್ ತೋರಿಸಿ ಬಾಯಿ ಚಪಲ ಅನ್ನುವುದು ಅನ್ಯಾಯ. ಆ ಮಾತು ನೋವು ಮಾಡುವುದಷ್ಟೇ ಅಲ್ಲ, ಚಿಕಿತ್ಸೆಯನ್ನೂ ತಡ ಮಾಡುತ್ತದೆ. ತಪ್ಪು ನನ್ನದು ಅಂತ ಒಪ್ಪಿಕೊಂಡ ಪೇಶೆಂಟ್, "ಇನ್ನು ಮೂರು ತಿಂಗಳು ಸರಿಯಾಗಿ ಪಥ್ಯ ಮಾಡುತ್ತೇನೆ, ಮಾತ್ರೆ ಬೇಡ" ಅನ್ನುತ್ತಾನೆ. ಮೂರು ತಿಂಗಳು ಆರಾಗುತ್ತದೆ, ಆರು ತಿಂಗಳು ಒಂದು ವರ್ಷವಾಗುತ್ತದೆ. ಇವರು ಕೂಡ ಹಾಗೇ ಅಂದದ್ದು.

ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ. ಕಿಡ್ನಿ ಹೋದವರ ರಕ್ತನಾಳ ಕಸಿಗೆ ಮೊದಲೇ ಬಿಪಿಯಿಂದ, ಕೆಲವರಲ್ಲಿ ಸಕ್ಕರೆಯಿಂದ, ಡಯಾಲಿಸಿಸ್ ಕಾಲದಲ್ಲಿ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗಿರುತ್ತದೆ. ಅದರ ಮೇಲೆ ವರ್ಷಗಟ್ಟಲೆ ಎಲ್‌ಡಿಎಲ್ ಏರಿದ್ದರೆ ಹೃದಯಕ್ಕೆ ಪೆಟ್ಟು. ಕಸಿ ಮಾಡಿದ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ತೀರಿಕೊಳ್ಳುವವರಲ್ಲಿ ಹೃದಯದ ಕಾಯಿಲೆ ದೊಡ್ಡ ಕಾರಣ. ಈ ಮಾತನ್ನು ಮೊದಲ ಸಲ ಕೇಳಿದಾಗ ನನಗೆ ಕೈಕಾಲು ತಣ್ಣಗಾಯಿತು. ನಾನು ಕೊಟ್ಟ ಕಿಡ್ನಿ ಸರಿಯಾಗಿರುವಾಗಲೇ ಇವರು ಹೋಗುವುದು ಅಂದರೆ ಏನು? ಕ್ರಿಯಾಟಿನಿನ್ ಒಂದನ್ನೇ ಕಾಯುತ್ತಾ ಕೂತರೆ ಸಾಲದು ಅಂತ ನನಗೆ ಖಡಾಖಂಡಿತ ಅನಿಸಿದ್ದು ಆಗ.

ಡಾಕ್ಟ್ರು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಅಟೊರ್ವಸ್ಟಾಟಿನ್ 10 ಮಿಲಿಗ್ರಾಂ ಬರೆದರು. ಇವರಿಗೆ ಇಷ್ಟವಿರಲಿಲ್ಲ. ಮಾತ್ರೆಯ ಡಬ್ಬ ಆಗಲೇ ತುಂಬಿತ್ತು, ಇನ್ನೊಂದು ಯಾಕೆ ಅಂತ. "ಸ್ಟಾಟಿನ್ ತಗೊಂಡ್ರೆ ಲಿವರ್ ಹೋಗ್ತದೆ, ಕಿಡ್ನಿ ಹೋಗ್ತದೆ" ಅಂತ ಮೊಬೈಲ್‌ನಲ್ಲಿ ಬಂದ ವಿಡಿಯೋ ಬೇರೆ ನೋಡಿದ್ದರು. ಆಗ ಮಗಳು ಒಂದು ಅಧ್ಯಯನದ ವಿಷಯ ಹೇಳಿದಳು. ಅಲರ್ಟ್ ಅಂತ ಅದರ ಹೆಸರು. 2003ರಲ್ಲಿ ಪ್ರಕಟವಾದದ್ದು. ಕಿಡ್ನಿ ಕಸಿ ಆದ 2102 ಜನರಲ್ಲಿ ಅರ್ಧದಷ್ಟು ಜನರಿಗೆ ಫ್ಲುವಸ್ಟಾಟಿನ್, ಉಳಿದವರಿಗೆ ಬರೀ ಹುಸಿ ಮಾತ್ರೆ ಕೊಟ್ಟು ಐದು ವರ್ಷಕ್ಕೂ ಮೇಲೆ ನೋಡಿದ್ದಾರೆ. ಎಲ್‌ಡಿಎಲ್ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಹೃದಯದ ಸಾವು ಮತ್ತು ಹಾರ್ಟ್ ಅಟ್ಯಾಕ್ ಸೇರಿಸಿ ಲೆಕ್ಕ ಹಾಕಿದರೆ ಅದೂ ಸುಮಾರು ಮೂರನೇ ಒಂದು ಭಾಗ ಕಡಿಮೆ. ಮಗಳು ಇನ್ನೊಂದನ್ನೂ ಮುಚ್ಚಿಡದೆ ಹೇಳಿದಳು. ಆ ಅಧ್ಯಯನ ಶುರುವಿನಲ್ಲಿ ಇಟ್ಟುಕೊಂಡ ಮುಖ್ಯ ಗುರಿ, ಸ್ಟೆಂಟ್ ಮತ್ತು ಬೈಪಾಸ್‌ನಂಥದ್ದನ್ನೂ ಸೇರಿಸಿದ್ದು, ಅದರಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಕಿಡ್ನಿಗೆ ಲಾಭವೂ ಕಾಣಲಿಲ್ಲ, ಕೆಡುಕೂ ಆಗಲಿಲ್ಲ. "ಕೆಡುಕೂ ಆಗಲಿಲ್ಲ" ಅನ್ನುವುದನ್ನು ಇವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಕೆಡಿಗೊ ಅನ್ನುವ ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಸಂಸ್ಥೆಯ 2013ರ ಮಾರ್ಗಸೂಚಿಯೂ ಕಿಡ್ನಿ ಕಸಿ ಆದ ದೊಡ್ಡವರಿಗೆ ಸ್ಟಾಟಿನ್ ಕೊಡುವುದು ಒಳ್ಳೆಯದು ಅನ್ನುತ್ತದೆ. ನಂಬರ್ ಎಷ್ಟೇ ಇರಲಿ, ಕಸಿ ಆದವರ ಹೃದಯಕ್ಕೆ ಅಪಾಯ ಜಾಸ್ತಿ ಅನ್ನುವುದೇ ಅದಕ್ಕೆ ಕಾರಣ.

ಮಾತ್ರೆ ಶುರು ಮಾಡಿ ಎರಡು ತಿಂಗಳ ನಂತರದ ರಿಪೋರ್ಟ್: ಒಟ್ಟು 180, ಎಲ್‌ಡಿಎಲ್ 98, ಟ್ರೈಗ್ಲಿಸರೈಡ್ 190. ಆ ನಡುವೆ ಪ್ರೆಡ್ನಿಸೊಲೋನ್ ಕೂಡ ಸ್ವಲ್ಪ ಇಳಿಸಿದ್ದರು. ಊಟ ಮೊದಲಿನ ಹಾಗೇ ಇತ್ತು. ಇವರ ಅಕ್ಕನಿಗೆ ನಾನೇ ಫೋನ್ ಮಾಡಿ ನಂಬರ್ ಓದಿ ಹೇಳಿದೆ. ಅವರಿಗೂ ಖುಷಿಯಾಯಿತು. "ಮಾತ್ರೆಯಿಂದ ಏರಿದ್ದು ಮಾತ್ರೆಯಿಂದಲೇ ಇಳಿಯಿತಲ್ಲ ಮಾರಾಯ್ತಿ" ಅಂದರು.

ಈಗ ಎಚ್ಚರಿಕೆಯ ಮಾತು. ಇದನ್ನು ಓದಿ ಯಾರೂ ಮೆಡಿಕಲ್‌ಗೆ ಹೋಗಿ ಸ್ಟಾಟಿನ್ ತೆಗೆದುಕೊಳ್ಳಬೇಡಿ. ಕಸಿ ಆದವರಿಗೆ ಯಾವ ಸ್ಟಾಟಿನ್, ಎಷ್ಟು ಅನ್ನುವುದು ಅವರ ಉಳಿದ ಮಾತ್ರೆ ನೋಡಿಯೇ ಆಗಬೇಕು. ಸೈಕ್ಲೊಸ್ಪೊರಿನ್ ತೆಗೆದುಕೊಳ್ಳುವವರಲ್ಲಿ ಸ್ಟಾಟಿನ್ ರಕ್ತದಲ್ಲಿ ಹಲವು ಪಟ್ಟು ಏರಿಬಿಡುತ್ತದೆ. ಅವರಿಗೆ ಸಿಮ್ವಸ್ಟಾಟಿನ್ ಕೊಡಲೇಬಾರದು. ರೊಸುವಸ್ಟಾಟಿನ್ ಆದರೆ 5 ಮಿಲಿಗ್ರಾಂ ದಾಟಬಾರದು. ಟ್ಯಾಕ್ರೊ ಜೊತೆ ಈ ತೊಂದರೆ ತುಂಬಾ ಕಡಿಮೆ. ಸ್ಟಾಟಿನ್ ರಕ್ತದಲ್ಲಿ ಅತಿಯಾದರೆ ಸ್ನಾಯು ಕರಗಿ ಅದರ ಕಸ ಕಿಡ್ನಿಗೆ ಹೋಗಿ ಕಿಡ್ನಿಯೇ ಹಾಳಾಗಬಹುದು. ಅಪರೂಪ, ಆದರೆ ಆಗುವಂಥದ್ದು. ತೊಡೆ, ಭುಜ, ಮೀನಖಂಡ ವಿಪರೀತ ನೋಯುವುದು, ನಿಶ್ಶಕ್ತಿ, ಮೂತ್ರ ಹಾಲಿಲ್ಲದ ಕಡು ಚಾದ ಬಣ್ಣಕ್ಕೆ ತಿರುಗುವುದು, ಇದರಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಬೇಕು. ಇವರಿಗೂ ಒಮ್ಮೆ ಮೀನಖಂಡ ನೋವು ಬಂತು. ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ನೋಡುವ ಸಿಪಿಕೆ ರಕ್ತ ಪರೀಕ್ಷೆ ಮಾಡಿದರು, ಮಾಮೂಲಿ ಬಂತು. ಹಿಂದಿನ ದಿನ ಮಾಡು ಹತ್ತಿ ಹಂಚು ಸರಿಮಾಡಿದ್ದರ ನೋವು ಅದು.

ಮಳೆಗಾಲದ ಒಂದು ಕೆಮ್ಮಿನ ವಿಷಯವನ್ನು ಹೇಳಲೇಬೇಕು. ರಾತ್ರಿ ಜ್ವರ ಬಂತು ಅಂತ ಹತ್ತಿರದ ಕ್ಲಿನಿಕ್‌ಗೆ ಹೋದೆವು. ಕಸಿ ಆಗಿದೆ ಅಂತ ಹೇಳಿದೆ, ಮಾತ್ರೆಯ ಪಟ್ಟಿಯನ್ನೂ ತೋರಿಸಿದೆ. ಆದರೂ ಬರೆದುಕೊಟ್ಟದ್ದು ಕ್ಲಾರಿಥ್ರೊಮೈಸಿನ್. ಅಂಗಡಿಯಿಂದ ತಂದು, ಕೊಡುವ ಮೊದಲು ಮಗಳಿಗೆ ಫೋಟೊ ಕಳಿಸಿದೆ. ಅವಳು ಕೂಡಲೇ ಫೋನ್ ಮಾಡಿ, "ಅಮ್ಮಾ, ಕೊಡ್ಬೇಡ, ಆಸ್ಪತ್ರೆಯ ಕಸಿ ಕೋಆರ್ಡಿನೇಟರಿಗೆ ಕೇಳು" ಅಂದಳು. ಕರುಳು ಮತ್ತು ಲಿವರ್‌ನಲ್ಲಿ ಒಂದು ಕಿಣ್ವ ಇದೆ, ಟ್ಯಾಕ್ರೊಲಿಮಸನ್ನೂ ಅಟೊರ್ವಸ್ಟಾಟಿನನ್ನೂ ಒಡೆಯುವುದು ಅದೇ. ಕ್ಲಾರಿಥ್ರೊಮೈಸಿನ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಎರಡೂ ಮಾತ್ರೆ ರಕ್ತದಲ್ಲಿ ಒಟ್ಟಿಗೇ ಏರುತ್ತವೆ. ಟ್ಯಾಕ್ರೊ ಏರಿದರೆ ಕಿಡ್ನಿಗೆ ಪೆಟ್ಟು, ಸ್ಟಾಟಿನ್ ಏರಿದರೆ ಸ್ನಾಯುವಿಗೆ. ಆಸ್ಪತ್ರೆಯ ಡ್ಯೂಟಿ ಡಾಕ್ಟ್ರು ಬೇರೆ ಆಂಟಿಬಯೋಟಿಕ್ ಹೇಳಿದರು, ಜ್ವರ ಬಿಟ್ಟಿತು. ಫಂಗಸ್‌ಗೆ ಕೊಡುವ ಕೆಲವು ಮಾತ್ರೆ, ಬಿಪಿಗೆ ಕೊಡುವ ಡಿಲ್ಟಿಯಾಜೆಮ್, ಇವೂ ಇದೇ ಗುಂಪು. ಡಾಕ್ಟ್ರು ಗೊತ್ತಿದ್ದು ಲೆಕ್ಕ ಹಾಕಿ ಕೊಟ್ಟರೆ ತೊಂದರೆ ಇಲ್ಲ. ಗೊತ್ತಿಲ್ಲದೆ ಸೇರಿದರೆ ಅಪಾಯ.

ಚಕ್ಕೋತವೂ ಅದೇ ಕೆಲಸ ಮಾಡುತ್ತದೆ. ನಮ್ಮ ಕಡೆ ಎಷ್ಟೋ ಹಿತ್ತಲಲ್ಲಿ ಚಕ್ಕೋತದ ಮರ ಇರುತ್ತದೆ. ಪಕ್ಕದ ಮನೆಯವರು ದೊಡ್ಡ ಹಣ್ಣು ತಂದು, ಸಿಪ್ಪೆ ಸುಲಿದು, ಒಳಗಿನ ಗುಲಾಬಿ ತೊಳೆಗಳನ್ನು ಬಿಡಿಸಿ ಬಟ್ಟಲಲ್ಲಿಟ್ಟು, "ಕೊಲೆಸ್ಟ್ರಾಲ್‌ಗೆ ಒಳ್ಳೆಯದಂತೆ, ಅವರಿಗೆ ಕೊಡಿ" ಅಂದಿದ್ದರು. ವಿದೇಶದ ಗ್ರೇಪ್‌ಫ್ರೂಟ್ ಅನ್ನುವುದು ಚಕ್ಕೋತ ಮತ್ತು ಕಿತ್ತಳೆಯ ಮಿಶ್ರ ತಳಿ. ಗ್ರೇಪ್‌ಫ್ರೂಟ್ ಬೇಡ ಅಂತ ಆಸ್ಪತ್ರೆಯ ಚೀಟಿಯಲ್ಲಿ ಬರೆದಿರುತ್ತದೆ, ಆದರೆ ಉಡುಪಿಯಲ್ಲಿ ಗ್ರೇಪ್‌ಫ್ರೂಟ್ ತಿನ್ನುವವರು ಯಾರು? ಇಲ್ಲಿಯವರಿಗೆ ಹೇಳಬೇಕಾದದ್ದು ಚಕ್ಕೋತ ಬೇಡ ಅಂತ. ಕರುಳಿನ ಅದೇ ಕಿಣ್ವವನ್ನು ತಡೆಯುವ ಅಂಶ ಅದರಲ್ಲೂ ಉಂಟು. ಬೆಳಿಗ್ಗೆ ಮಾತ್ರೆ, ಸಂಜೆ ಹಣ್ಣು ಅಂತ ಹೊತ್ತು ಬದಲಿಸಿದರೂ ಆಗುವುದಿಲ್ಲ, ಅದರ ಪರಿಣಾಮ ಒಂದು ದಿನಕ್ಕೂ ಜಾಸ್ತಿ ಇರುತ್ತದೆ. ಅವರಿಗೆ ವಿಷಯ ಬಿಡಿಸಿ ಹೇಳಿ, ಹಣ್ಣನ್ನು ನಾನೇ ತಿಂದೆ. ತುಂಬ ಸಿಹಿ ಇತ್ತು.

ಪುನರ್ಪುಳಿ ಸಾರು ಕೊಲೆಸ್ಟ್ರಾಲ್‌ಗೆ ಮದ್ದು ಅಂತಲೂ ಹೇಳುವವರಿದ್ದಾರೆ. ನಾನು ಮಾಡುತ್ತೇನೆ, ರುಚಿಗೆ. ಮದ್ದಿನ ಬದಲಿಗೆ ಅಲ್ಲ. ಬೇರು, ಕಷಾಯ, ಪುಡಿ ಅಂತ ಯಾರು ಏನು ತಂದುಕೊಟ್ಟರೂ ನಮ್ಮ ಮನೆಯಲ್ಲಿ ಒಳಗೆ ಬರುವುದಿಲ್ಲ. ಅದು ಟ್ಯಾಕ್ರೊವನ್ನು ಏರಿಸುತ್ತದೋ ಇಳಿಸುತ್ತದೋ ಅಂತ ಕೊಟ್ಟವರಿಗೆ ಗೊತ್ತಿರುವುದಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ತಟ್ಟೆಯನ್ನು ದೂರಬೇಡಿ ಅಂದೆ, ಏನು ಬೇಕಾದರೂ ತಿನ್ನಿ ಅಂತ ಅಲ್ಲ. ಸ್ಟಿರಾಯ್ಡ್ ಹಸಿವಿನಿಂದ ಏರುವ ತೂಕಕ್ಕೆ ಊಟ, ನಡಿಗೆ ಎರಡೂ ಬೇಕು. ಟ್ರೈಗ್ಲಿಸರೈಡ್‌ಗಂತೂ ಊಟದ ಸಂಬಂಧ ನೇರ. ಅದನ್ನು ಏರಿಸುವುದು ಎಣ್ಣೆಗಿಂತ ಹೆಚ್ಚಾಗಿ ಸಕ್ಕರೆ, ಬೇಕರಿ, ಜಾಸ್ತಿ ಅನ್ನ, ಮತ್ತು ಹೆಂಡ. ಮಂಗಳೂರು ಬನ್ಸ್ ಇವರ ಪ್ರಾಣ. ಮೈದಾ, ಸಕ್ಕರೆ, ಎಣ್ಣೆ ಮೂರೂ ಅದರಲ್ಲಿದೆ. ಅದನ್ನು ಅಪರೂಪ ಮಾಡಿದೆವು.

ತೆಂಗಿನ ಎಣ್ಣೆಯ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಕೋಪ ಬರುತ್ತದೆ, ಆದರೂ ಹೇಳುತ್ತೇನೆ. ಅದರ ಕೊಬ್ಬಿನಲ್ಲಿ ಸುಮಾರು 90 ಶೇಕಡಾ ಸ್ಯಾಚುರೇಟೆಡ್. ಅದು ಎಲ್‌ಡಿಎಲ್ ಏರಿಸುತ್ತದೆ. ಅಜ್ಜ ಅಜ್ಜಿ ತಿಂದು 90 ವರ್ಷ ಬದುಕಿರಬಹುದು, ಅವರು ಟ್ಯಾಕ್ರೊ ಮತ್ತು ಪ್ರೆಡ್ನಿಸೊಲೋನ್ ತಿನ್ನುತ್ತಿರಲಿಲ್ಲ. ನಾನು ಒಗ್ಗರಣೆಗೆ ಮಾತ್ರ ಒಂದು ಚಮಚ ತೆಂಗಿನ ಎಣ್ಣೆ ಇಟ್ಟುಕೊಂಡಿದ್ದೇನೆ, ಪರಿಮಳ ಇಲ್ಲದಿದ್ದರೆ ಬಸಳೆ ಸಾರು ಬಸಳೆ ಸಾರು ಅನಿಸುವುದಿಲ್ಲ. ಕಾವಲಿಗೆ ಶೇಂಗಾ ಎಣ್ಣೆ. ಗಸಿಗೆ ಕಾಯಿ ಕಡಿಮೆ ಮಾಡಿ ಕೊತ್ತಂಬರಿ ಬೀಜ ಸ್ವಲ್ಪ ಜಾಸ್ತಿ ಹುರಿದು ಹಾಕಿದರೆ ದಪ್ಪ ಬರುತ್ತದೆ. ಚಿಕನ್ ತುಪ್ಪ ರೋಸ್ಟ್ ಈಗ ನೆಂಟರು ಬಂದಾಗ ಮಾತ್ರ.

ಮೀನು ಬಿಡಲಿಲ್ಲ. ಬಿಡುವ ಅಗತ್ಯವೂ ಇಲ್ಲ. ಬಂಗುಡೆ, ಬೂತಾಯಿ ಎರಡರಲ್ಲೂ ಒಮೆಗಾ 3 ಕೊಬ್ಬು ಚೆನ್ನಾಗಿದೆ. ಆ ದಿನ ಇವರು ತಟ್ಟೆ ಬದಿಗೆ ಸರಿಸಿದ ಬಂಗುಡೆ ಇವರ ರಕ್ತನಾಳದ ಶತ್ರುವಲ್ಲ. ಎಣ್ಣೆಯಲ್ಲಿ ಮುಳುಗಿಸಿ ಕಾಯಿಸುವ ಬದಲು ಪುಳಿಮುಂಚಿ ಮಾಡುತ್ತೇನೆ, ಇಲ್ಲವೇ ಮಸಾಲೆ ಹಚ್ಚಿ ಬಾಳೆ ಎಲೆಯಲ್ಲಿ ಸುತ್ತಿ ಕಾವಲಿ ಮೇಲೆ ಸಣ್ಣ ಉರಿಯಲ್ಲಿಟ್ಟು ಮುಚ್ಚುತ್ತೇನೆ. ಎಲೆ ಕಪ್ಪಾಗುವಾಗ ಮೀನು ಬೆಂದಿರುತ್ತದೆ, ಅದರದೇ ಎಣ್ಣೆ ಬಿಟ್ಟಿರುತ್ತದೆ. ಸಿಗಡಿಯಲ್ಲಿ ಕೊಲೆಸ್ಟ್ರಾಲ್ ಇದೆ, ಆದರೆ ಸ್ಯಾಚುರೇಟೆಡ್ ಕೊಬ್ಬು ಬಹಳ ಕಡಿಮೆ. ಒಮ್ಮೊಮ್ಮೆ ಮಾಡುತ್ತೇನೆ. ಮರುವಾಯಿ (ಚಿಪ್ಪು ಮೀನು) ಮಾಡುವುದಾದರೆ ಪೂರ್ತಿ ಬೇಯಬೇಕು, ಅದು ಕೊಲೆಸ್ಟ್ರಾಲ್‌ಗಾಗಿ ಅಲ್ಲ, ಸೋಂಕಿನ ಭಯಕ್ಕೆ. ಉಪ್ಪು ಮೀನು ಮಾತ್ರ ಬಿಪಿ ದೆಸೆಯಿಂದ ಮನೆಯಿಂದ ಹೊರಗೆ ಹೋಯಿತು.

ಕುಂದಾಪುರ ಕಡೆಯ ಒಬ್ಬರ ಪರಿಚಯ ಓಪಿಡಿಯಲ್ಲಿ ಆಯಿತು. ಅವರಿಗೆ ಟ್ಯಾಕ್ರೊ ಬದಲು ಎವೆರೊಲಿಮಸ್ ಕೊಟ್ಟ ಮೇಲೆ ಟ್ರೈಗ್ಲಿಸರೈಡ್ 600 ದಾಟಿತ್ತು. ಪಾಪ, ಅವರು ಶುದ್ಧ ಸಸ್ಯಾಹಾರಿ, ಮೊಟ್ಟೆ ಕೂಡ ಮುಟ್ಟದವರು. ಅವರ ಮನೆಯಲ್ಲೂ ಊಟದ್ದೇ ಜಗಳ. ಟ್ರೈಗ್ಲಿಸರೈಡ್ ಅಷ್ಟು ಏರಿದರೆ ಮೇದೋಜೀರಕ ಗ್ರಂಥಿಗೆ ಉರಿಯೂತ ಬರುವ ಅಪಾಯ ಇದೆ. 400 ದಾಟಿದರೆ ರಿಪೋರ್ಟ್‌ನ ಎಲ್‌ಡಿಎಲ್ ಲೆಕ್ಕವೂ ನಂಬುವ ಹಾಗಿಲ್ಲ. ಹೆಚ್ಚಿನ ಲ್ಯಾಬ್‌ಗಳು ಎಲ್‌ಡಿಎಲನ್ನು ಅಳೆಯುವುದಿಲ್ಲ, ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆದು ಬರೆಯುತ್ತವೆ. ಅಂಥವರು ಡೈರೆಕ್ಟ್ ಎಲ್‌ಡಿಎಲ್ ಅಂತ ಬೇರೆಯೇ ಮಾಡಿಸಬೇಕು. ಟ್ರೈಗ್ಲಿಸರೈಡ್‌ಗೆ ಅಂತ ಸಾಮಾನ್ಯವಾಗಿ ಕೊಡುವ ಫಿನೊಫೈಬ್ರೇಟ್ ಕಸಿ ಆದವರಲ್ಲಿ ಕ್ರಿಯಾಟಿನಿನ್ ಏರಿಸಬಹುದು. ಆಗ ಇದು ರಿಜೆಕ್ಷನ್ನೋ ಮಾತ್ರೆಯೋ ಅಂತ ಡಾಕ್ಟ್ರಿಗೂ ತಲೆನೋವು. ಅವರ ಡಾಕ್ಟ್ರು ಎವೆರೊಲಿಮಸ್ ಪ್ರಮಾಣ ಇಳಿಸಿ ಮೊದಲು ನೋಡಿದರು ಅಂತ ಹೇಳಿದರು.

ಮಗಳು ಹೇಳಿದ ಒಂದು ವಿಷಯ ನನಗೆ ತುಂಬ ಇಷ್ಟವಾಯಿತು. ಸೈಕ್ಲೊಸ್ಪೊರಿನ್ ಸಿಕ್ಕಿದ್ದು ನಾರ್ವೆಯ ಒಂದು ಬೆಟ್ಟದ ಬಯಲಿನ ಮಣ್ಣಿನಲ್ಲಿದ್ದ ಶಿಲೀಂಧ್ರದಿಂದ. ಟ್ಯಾಕ್ರೊಲಿಮಸ್ ಸಿಕ್ಕಿದ್ದು 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ. ಸಿರೊಲಿಮಸ್ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಿಂದ. ಅವುಗಳಿಂದ ಏರುವ ಕೊಲೆಸ್ಟ್ರಾಲ್ ಇಳಿಸುವ ಮದ್ದು ಕೂಡ ಬೂಸ್ಟಿನಿಂದಲೇ ಬಂದದ್ದು. ಜಪಾನಿನ ಅಕಿರಾ ಎಂಡೊ ಅನ್ನುವ ವಿಜ್ಞಾನಿ 6000ಕ್ಕೂ ಹೆಚ್ಚು ಸೂಕ್ಷ್ಮಜೀವಿಗಳನ್ನು ಪರೀಕ್ಷೆ ಮಾಡಿ, ಕೊನೆಗೆ ಕ್ಯೋಟೊದ ಒಂದು ಅಕ್ಕಿ ಅಂಗಡಿಯ ಅಕ್ಕಿಯಲ್ಲಿದ್ದ ಬೂಸ್ಟಿನಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. ಅವರು 2024ರಲ್ಲಿ ತೀರಿಕೊಂಡರು. ನಾವು ಮಳೆಗಾಲದಲ್ಲಿ ಅಕ್ಕಿಗೆ ಬೂಸ್ಟು ಬಂತು ಅಂತ ಬಿಸಿಲು ಕಾಯುವವರು. ಆ ಮನುಷ್ಯ ಅದರಲ್ಲೇ ನನ್ನ ಗಂಡನ ಹೃದಯ ಕಾಯುವ ಮದ್ದಿನ ದಾರಿ ತೆರೆದರು. ಅವರ ಹೆಸರನ್ನು ಇಲ್ಲಿ ಬರೆಯುವಾಗ ಕೈ ಮುಗಿಯಬೇಕು ಅನಿಸುತ್ತದೆ.

ಟೆಸ್ಟ್ ದಿನದ ವಿಷಯ ತುಂಬ ಜನ ಕೇಳುತ್ತಾರೆ. ಟ್ಯಾಕ್ರೊ ಲೆವೆಲ್‌ಗೆ ರಕ್ತ ಕೊಡಬೇಕಾದದ್ದು ಹಿಂದಿನ ರಾತ್ರಿಯ ಮಾತ್ರೆಯಾಗಿ 12 ಗಂಟೆಗೆ, ಬೆಳಗಿನ ಮಾತ್ರೆಗೆ ಮೊದಲು. ಅಷ್ಟು ಹೊತ್ತಿಗೆ ಹೊಟ್ಟೆಯೂ ಖಾಲಿ ಇರುತ್ತದೆ, ಅದೇ ರಕ್ತದಲ್ಲಿ ಲಿಪಿಡ್ ಕೂಡ ಮಾಡಿಸಬಹುದು. ನಾವು ಮೊದಲ ಬಸ್ಸಿಗೆ ಮಣಿಪಾಲಕ್ಕೆ ಹೋಗುತ್ತೇವೆ. ಸ್ಟೀಲ್ ಡಬ್ಬದಲ್ಲಿ ಇಡ್ಲಿ, ಅದರ ಮುಚ್ಚಳದ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಬೆಳಗಿನ ಮಾತ್ರೆಯ ಪೊಟ್ಟಣ. ರಕ್ತ ಕೊಟ್ಟ ಮೇಲೆ ಮೊದಲು ಮಾತ್ರೆ, ಆಮೇಲೆ ಇಡ್ಲಿ. ಚೀಟಿಯಲ್ಲಿ ಲಿಪಿಡ್ ಬರೆದಿದ್ದಾರಾ ಅಂತ ಲ್ಯಾಬ್ ಕ್ಯೂನಲ್ಲಿ ನಿಲ್ಲುವ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಡಾಕ್ಟ್ರಿಗೆ ಕೇಳಿ ಬರೆಸಿಕೊಳ್ಳಿ. ಮಾತ್ರೆ ಬದಲಾದಾಗ, ಪ್ರಮಾಣ ಬದಲಾದಾಗ ಎರಡು ಮೂರು ತಿಂಗಳಲ್ಲಿ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ.

ಖರ್ಚಿನ ಬಗ್ಗೆ ಒಂದು ಮಾತು. ಸ್ಟಾಟಿನ್ ದುಬಾರಿ ಮಾತ್ರೆ ಅಲ್ಲ, ಜನೌಷಧಿ ಅಂಗಡಿಯಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ. ಆದರೆ ಟ್ಯಾಕ್ರೊಲಿಮಸ್‌ನ ಬ್ರ್ಯಾಂಡನ್ನು ಮಾತ್ರ ದುಡ್ಡು ಉಳಿಸಲು ನೀವಾಗಿಯೇ ಬದಲಿಸಬೇಡಿ. ಬದಲಿಸುವುದಾದರೆ ಡಾಕ್ಟ್ರಿಗೆ ಹೇಳಿ, ಲೆವೆಲ್ ಮತ್ತೆ ನೋಡಿಸಿ.

ಕಿಡ್ನಿ ಕೊಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಚೆಕಪ್ಪನ್ನೂ ಮುಂದೆ ಹಾಕಬೇಡಿ. ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಸಕ್ಕರೆ, ಅದರ ಜೊತೆಗೆ ಲಿಪಿಡ್. ಮನೆಯಲ್ಲಿ ಎಲ್ಲರೂ ಪೇಶೆಂಟ್‌ನ ಫೈಲ್ ಹಿಡಿದುಕೊಂಡು ಓಡುವಾಗ ಕೊಟ್ಟವರ ಫೈಲ್ ಮೂಲೆ ಸೇರುತ್ತದೆ. ನನ್ನದು ಮುಂದಿನ ತಿಂಗಳು ಉಂಟು. ಇವರೇ ರಜೆ ಹಾಕಿ ಜೊತೆಗೆ ಬರುತ್ತೇನೆ ಅಂದಿದ್ದಾರೆ.